ಕಾವಲು ಹಕ್ಕಿಯನ್ನು ಗೆದ್ದದ್ದು

ಈ ಸಲದ ಗೋಡೆ ಪತ್ರಿಕೆಗೆ ಭಾಳ ಮಂದಿ ‘ನಾನು ಮಾಡಿದ ಪ್ರವಾಸ’, ‘ನಮ್ಮೂರ ಜಾತ್ರೆ’ ಅಂತ ಬರೆದು ಕೊಟ್ಟಾರ. ನಾನು ಬ್ಯಾಸಿಗಿ ಸೂಟಿಯಲ್ಲಿ ಯಾವ ಊರಿಗೂ ಹೋಗಲಿಲ್ಲ. ಮನೆಯಲ್ಲೇ ಇದ್ದೆ. ಆದರೆ ಮನೆಯಲ್ಲಿ ಕುಂತುಕೊಂಡೇ ಒಂದು ದೊಡ್ಡ ಹಕ್ಕಿಯ ಜೋಡಿ ಯುದ್ಧ ಮಾಡಿ ಗೆದ್ದೆ. ಅದರ ಹೆಸರು ಸಿಡಿಲುಹಕ್ಕಿ. ಊರ ಹೆಸರಿನಲ್ಲೇ ಗಿಣಿ ಇಟ್ಟುಕೊಂಡ ಗಿಣಿಗೇರಾದವಳು ಹಕ್ಕಿಯ ಜೋಡಿ ಜಗಳ ತಗದಾಳ ಅಂತ ನಗಬ್ಯಾಡ್ರಿ. ಪೂರ್ತಿ ಓದ್ರಿ.

ನಮ್ಮ ದೊಡ್ಡಪ್ಪನ ಮಗ ಅಣ್ಣ ಹುಬ್ಬಳ್ಳಿಯಿಂದ ಟಿವಿಗೆ ಹಚ್ಚುವ ಒಂದು ಗೇಮಿನ ಡಬ್ಬಿ ತಂದಿದ್ದ. ಅದರೊಳಗೆ ಹಳೆ ಕಾಲದ ನೂರಾರು ವಿಡಿಯೋ ಗೇಮುಗಳು ಅದಾವ. ಓಡುವುದು, ಜಿಗಿಯುವುದು, ಗುಂಡು ಹೊಡೆಯುವುದು ಇಂಥವೇ ಬಹಳ. ಅವನ್ನೆಲ್ಲಾ ಎರಡು ದಿನ ಆಡಿದರೆ ಬ್ಯಾಸರಾಗತೈತಿ. ಆದರೆ ಒಂದು ಆಟ ಮಾತ್ರ ಮುಗಿಯಲೇ ಇಲ್ಲ. ಅದರ ಹೆಸರು ‘ಜೆಲ್ಡಾ 2: ದಿ ಅಡ್ವೆಂಚರ್ ಆಫ್ ಲಿಂಕ್’. ಅದನ್ನು ಜಪಾನ್ ದೇಶದ ನಿಂಟೆಂಡೋ ಕಂಪನಿಯವರು 1987ರಲ್ಲಿ ಮಾಡಿದ್ದಾರೆ. ಅಂದರೆ ಆ ಆಟ ನನಗಿಂತ ಭಾಳ ದೊಡ್ಡದು. ನಮ್ಮ ಅಣ್ಣನಿಗಿಂತಲೂ ದೊಡ್ಡದು.

ನಾನು ಎಲ್ಲಿಗೂ ಹೋಗದೆ ಮನೆಯಲ್ಲೇ ಇರುವುದಕ್ಕೆ ಒಂದು ಕಾರಣ ಇತ್ತು. ನಮ್ಮಪ್ಪ ವಾಚ್‌ಮನ್. ನಮ್ಮೂರ ಸುತ್ತ ಕಬ್ಬಿಣದ ಕಾರ್ಖಾನೆಗಳು ಇರುವುದು ನಿಮಗೆಲ್ಲಾ ಗೊತ್ತೇ ಐತಿ. ಅಂಥ ಒಂದು ಕಡೆ ಅಪ್ಪ ರಾತ್ರಿ ಪಾಳಿ ಮಾಡತಾನ. ಏಪ್ರಿಲ್ ತಿಂಗಳಲ್ಲಿ ಅವನ ಬಲಗೈ ಮುರಿದು ಪ್ಲಾಸ್ಟರ್ ಹಾಕಿದರು. ಅದು ಹೇಗೆ ಮುರಿಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಅವ್ವ ಕೂಲಿಗೆ ಹೋಗುತ್ತಿದ್ದಳು. ಅಪ್ಪನಿಗೆ ನೀರು ಕೊಡುವುದು, ಊಟಕ್ಕೆ ಹಾಕುವುದು, ಗುಳಿಗಿ ನೆನಪು ಮಾಡುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಗೇಮು. ಅಪ್ಪ ಹೊರಸಿನ ಮ್ಯಾಲೆ, ನಾನು ನೆಲದ ಮ್ಯಾಲೆ, ಅಜ್ಜಿ ಬಾಗಿಲ ಹತ್ತಿರ. ಹಿಂಗ ನಮ್ಮ ಸೂಟಿ ಕಳೀತು.

ಈಗ ಆಟದ ಕಥೆ ಹೇಳತೀನಿ. ಒಂದು ರಾಜ್ಯದಲ್ಲಿ ಜೆಲ್ಡಾ ಎಂಬ ರಾಜಕುಮಾರಿ ಮಾಟಕ್ಕೆ ಸಿಕ್ಕು ಎಷ್ಟೋ ಕಾಲದಿಂದ ಮಲಗಿಬಿಟ್ಟಿದ್ದಾಳೆ. ಅವಳನ್ನು ಎಬ್ಬಿಸಬೇಕಾದರೆ ಧೈರ್ಯದ ಚಿನ್ನದ ತ್ರಿಕೋನ ಬೇಕು. ಹಿಂದಿನ ಕಾಲದ ಒಬ್ಬ ಒಳ್ಳೆಯ ರಾಜ ಅದನ್ನು ಒಂದು ಮಹಾ ಅರಮನೆಯಲ್ಲಿ ಬಚ್ಚಿಟ್ಟಿದ್ದಾನೆ. ಕೆಟ್ಟವರ ಕೈಗೆ ಸಿಗಬಾರದು ಅಂತ ಕಾವಲು ಇಟ್ಟಿದ್ದಾನೆ. ಲಿಂಕ್ ಎಂಬ ಹುಡುಗನ ಕೈಮೇಲೆ ಒಂದು ಗುರುತು ಮೂಡುತ್ತದೆ. ಅವನೇ ಹೋಗಬೇಕು. ಆರು ಅರಮನೆಗಳಿಗೆ ಹೋಗಿ, ಒಂದೊಂದರಲ್ಲೂ ಕಾವಲಿನವರನ್ನು ಗೆದ್ದು, ಅಲ್ಲಿಯ ಮೂರ್ತಿಯಲ್ಲಿ ಒಂದೊಂದು ಹರಳು ಇಡಬೇಕು. ಆರೂ ಇಟ್ಟ ಮೇಲೆ ಮಹಾ ಅರಮನೆಯ ದಾರಿ ಬಿಡುತ್ತದೆ.

ಈ ಥರದ ಆಟಕ್ಕೆ ಆ್ಯಕ್ಷನ್ ರೋಲ್ ಪ್ಲೇಯಿಂಗ್ ಗೇಮ್ ಅಂತಾರ. ಅಂದರೆ ಕೈಚಳಕವೂ ಬೇಕು, ಪಾತ್ರವನ್ನು ಬೆಳೆಸುವುದೂ ಬೇಕು. ವೈರಿಗಳನ್ನು ಹೊಡೆದಾಗ ಅಂಕ ಸಿಗುತ್ತವೆ. ಆ ಅಂಕಗಳಿಂದ ಕತ್ತಿಯ ಬಲ, ಮಂತ್ರದ ಬಲ, ಜೀವದ ಬಲ ಮೂರನ್ನೂ ಏರಿಸಿಕೊಳ್ಳಬಹುದು. ಒಂದೊಂದಕ್ಕೂ 8 ಮೆಟ್ಟಿಲು. ಊರೂರಿಗೆ ಹೋಗಿ ಮಂತ್ರ ಕಲಿಯಬೇಕು. ಒಟ್ಟು 8 ಮಂತ್ರ. ಒಂದು ಮೈಗೆ ರಕ್ಷೆ ಕೊಡುತ್ತದೆ, ಒಂದು ಎತ್ತರ ಜಿಗಿಸುತ್ತದೆ, ಒಂದು ಗಾಯ ಮಾಯಿಸುತ್ತದೆ. ಎಲ್ಲಕ್ಕೂ ಕಡೆಯದು ಸಿಡಿಲಿನ ಮಂತ್ರ. ಅದನ್ನು ಕಲಿಸುವವನು ಒಂದು ಹಾಳೂರಿನಲ್ಲಿ ಇದ್ದಾನೆ. ಆ ಹಿರಿಯ ಮನುಷ್ಯ ಊರು ಬಿಡದೆ ಕುಂತಾನ. ಊರು ಹಾಳಾದರೂ ವಿದ್ಯೆ ಬಿಟ್ಟಿಲ್ಲ ಅಂತ ಅಜ್ಜಿಗೆ ಅವನು ಭಾಳ ಸೇರಿದ.

ಆಟದಲ್ಲಿ ಎಲ್ಲಾ ಇಂಗ್ಲಿಷ್. ನಾನು ಕನ್ನಡ ಮಾಧ್ಯಮದವಳು. ಶಬ್ದಗಳನ್ನು ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡು ಅಣ್ಣ ಬಂದಾಗ ಅರ್ಥ ಕೇಳುತ್ತಿದ್ದೆ. ಹೀಗೆ 60ಕ್ಕಿಂತ ಹೆಚ್ಚು ಇಂಗ್ಲಿಷ್ ಶಬ್ದ ಕಲಿತೆ. ಇದನ್ನು ನಮ್ಮ ಇಂಗ್ಲಿಷ್ ಟೀಚರ್ ಓದಲಿ ಅಂತಲೇ ಬರೆದಿದ್ದೇನೆ.

ಆರು ಅರಮನೆ ಮುಗಿಸುವುದಕ್ಕೆ ಮೂರು ವಾರ ಹಿಡಿಯಿತು. ಮಹಾ ಅರಮನೆಯೊಳಗೆ ಹೋದರೆ ಅಲ್ಲಿ ದಾರಿ ತಿಳಿಯುವುದಿಲ್ಲ. ನೆಲ ಅಂತ ಕಾಲಿಟ್ಟರೆ ನೆಲ ಇಲ್ಲ, ಗೋಡೆ ಅಂತ ನಿಂತರೆ ಅದು ಗೋಡೆ ಅಲ್ಲ. ಹಕ್ಕಿಯ ಮೋರೆ ಇರುವ ಸಿಪಾಯಿಗಳು ಕತ್ತಿ ಹಿಡಿದು ಬರುತ್ತಾರೆ. ನಾನು ಹಾಳೆಯ ಮೇಲೆ ನಕಾಶೆ ಬರೆದುಕೊಂಡು ಹೋದೆ. ಕಡೆಗೆ ಒಂದು ದೊಡ್ಡ ಕೋಣೆ ಬಂತು. ಅಲ್ಲಿ ಇತ್ತು ಸಿಡಿಲುಹಕ್ಕಿ.

ಅದು ನೆಲಕ್ಕೆ ಇಳಿಯುವುದಿಲ್ಲ. ಆಚೆಯಿಂದ ಈಚೆ, ಈಚೆಯಿಂದ ಆಚೆ ತೇಲಾಡುತ್ತಾ ಬೆಂಕಿ ಉಂಡೆಗಳನ್ನು ಸುರಿಯುತ್ತದೆ. ಕತ್ತಿಯಿಂದ ಹೊಡೆದರೆ ಏನೂ ಆಗುವುದಿಲ್ಲ. ಲಿಂಕ್ ಸತ್ತಾಗ ‘ಗೇಮ್ ಓವರ್, ರಿಟರ್ನ್ ಆಫ್ ಗ್ಯಾನನ್’ ಅಂತ ಬರುತ್ತದೆ. ಗ್ಯಾನನ್ ಅಂದರೆ ಹಿಂದೆ ಸತ್ತ ರಾಕ್ಷಸ. ಲಿಂಕಿನ ರಕ್ತದಿಂದ ಅವನು ತಿರುಗಿ ಹುಟ್ಟುತ್ತಾನಂತೆ. ಆ ಅಕ್ಷರ ಬಂದಾಗೆಲ್ಲಾ ನನ್ನ ಎದೆ ಧಸಕ್ ಅಂತಿತ್ತು.

ನಾನು ಕಲಿತ ಮಂತ್ರಗಳನ್ನು ಒಂದೊಂದಾಗಿ ಹಕ್ಕಿಯ ಮುಂದೆ ಹಾಕಿ ನೋಡಿದೆ. ಕಡೆಗೆ ಗುಟ್ಟು ಸಿಕ್ಕಿತು. ಸಿಡಿಲಿನ ಮಂತ್ರ ಹಾಕಿದ ಕೂಡಲೆ ಹಕ್ಕಿಯ ಬಣ್ಣ ಬದಲಾಗುತ್ತದೆ. ಆಮೇಲೆ ಜಿಗಿದು ಅದರ ಮುಖಕ್ಕೆ ಹೊಡೆದರೆ ಪೆಟ್ಟು ತಾಗುತ್ತದೆ. ಸಿಡಿಲುಹಕ್ಕಿಗೆ ಸಿಡಿಲೇ ಮದ್ದು. ಮುಳ್ಳನ್ನು ಮುಳ್ಳಿನಿಂದಲೇ ತೆಗೀಬೇಕು ಅಂತಾರಲ್ಲ, ಹಂಗ. ಆದರೆ ಆ ಮಂತ್ರಕ್ಕೆ ಶಕ್ತಿ ಭಾಳ ಖರ್ಚಾಗತೈತಿ. ದಾರಿಯಲ್ಲಿ ಗಾಯ ಮಾಯಿಸಿಕೊಳ್ಳುತ್ತಾ ಬಂದರೆ ಹಕ್ಕಿಯ ಕೋಣೆಗೆ ಬರುವ ಹೊತ್ತಿಗೆ ಮಂತ್ರಶಕ್ತಿ ಬರಿದು. ಮೂರು ಜೀವ ಹೋದರೆ ಮತ್ತೆ ಮಹಾ ಅರಮನೆಯ ಬಾಗಿಲಿನಿಂದ ಸುರು. ನಡುವೆ ಕರೆಂಟು ಹೋಗುವುದು ಬೇರೆ. ನೋಟ್‌ಬುಕ್ಕಿನಲ್ಲಿ ನಾನು ಸೋತ ಲೆಕ್ಕ ಗೆರೆ ಎಳೆದು ಇಟ್ಟಿದ್ದೇನೆ. 22 ಗೆರೆ ಅದಾವ.

ಅಪ್ಪ ಅಲ್ಲಿತನಕ ಏನೂ ಮಾತಾಡಿರಲಿಲ್ಲ. ಸುಮ್ಮನೆ ನೋಡುತ್ತಿದ್ದ. ಒಂದು ದಿನ ಸಂಜಿ ಮುಂದ ಹೇಳಿದ:

“ಅದು ಸುಮ್ಮ ಹಾರಾಡಾಕತ್ತಿಲ್ಲವಾ. ಗಸ್ತು ತಿರಗಾಕತ್ತೈತಿ. ಎಲ್ಲಿಂದ ಎಲ್ಲಿತನಕ ಹೋಗತೈತಿ, ಎಲ್ಲಿ ಹೊಳ್ಳತೈತಿ ನೋಡು. ಹೊಡಿಯೂದು ಆಮ್ಯಾಲೆ. ಮೊದಲು ನೋಡೂದು.”

ನಾನು ಆ ಒಂದು ಸಲ ಹೊಡೆಯುವುದನ್ನು ಬಿಟ್ಟು ಬರೀ ತಪ್ಪಿಸಿಕೊಳ್ಳುತ್ತಾ ನೋಡಿದೆ. ಹಕ್ಕಿ ಕೆಳಗೆ ಬರುವುದಕ್ಕೆ ಒಂದು ಹೊತ್ತು ಐತಿ. ಬೆಂಕಿ ಉಂಡೆ ಬೀಳುವ ಕಡೆ ಒಂದು ಸಂದು ಐತಿ. ಅದು ಕಾಣಲಿಕ್ಕೆ ಹತ್ತಿತು. ಅಪ್ಪ ಇನ್ನೊಂದು ಮಾತು ಹೇಳಿದ:

“ರಾತ್ರಿ ಡ್ಯೂಟಿಯಾಗ ನಾವು ಬ್ಯಾಟರಿ ಸುಮ್ಮಸುಮ್ಮನ ಹಚ್ಚಂಗಿಲ್ಲ. ಸಪ್ಪಳ ಆದಾಗ ಮಾತ್ರ ಹಚ್ಚತೀವಿ. ಸಂಜಿಯಿಂದ ಹಚಗೊಂಡು ತಿರಗಿದ್ರ ಬೇಕಾದ ಹೊತ್ತಿಗೆ ಸೆಲ್ ತೀರಿರತಾವ. ನಿನ್ನ ಮಂತ್ರನೂ ಹಂಗ ಇಟಗೋ.”

ಅವತ್ತಿನಿಂದ ನಾನು ದಾರಿಯಲ್ಲಿ ಮಂತ್ರ ಹಾಕುವುದನ್ನು ಬಿಟ್ಟೆ. ಹಕ್ಕಿಮೋರೆಯ ಸಿಪಾಯಿಗಳ ಜೋಡಿ ಬರೀ ಕತ್ತಿಯಿಂದಲೇ ಹೋರಾಡುವುದನ್ನು ಕಲಿತೆ. ತಪ್ಪಿಸಿಕೊಂಡು ಹೋಗುವುದು ಸಾಧ್ಯ ಇದ್ದಲ್ಲಿ ತಪ್ಪಿಸಿಕೊಂಡೆ. ಮೇ ತಿಂಗಳ ಕಡೆಯ ವಾರ ಒಂದು ದಿನ ಮಧ್ಯಾಹ್ನ ಮಂತ್ರಶಕ್ತಿ ತುಂಬಿಕೊಂಡೇ ಹಕ್ಕಿಯ ಕೋಣೆಗೆ ಹೋದೆ. ಮೊದಲು ರಕ್ಷೆಯ ಮಂತ್ರ. ಆಮೇಲೆ ಸಿಡಿಲು. ಹಕ್ಕಿಯ ಬಣ್ಣ ಬದಲಾಯಿತು. ಅದು ಇಳಿದು ಬರುವ ಹೊತ್ತಿಗೆ ಜಿಗಿದು ಮುಖಕ್ಕೆ ಒಂದು. ಸರಿದು ನಿಂತು ಮತ್ತೊಂದು. ಅಪ್ಪ ಹೊರಸಿನ ಮೇಲೆ ಎದ್ದು ಕುಂತು “ಬಂತು ಬಂತು, ಈಗ” ಅನ್ನುತ್ತಿದ್ದ. ಲಿಂಕಿನ ಜೀವ ಇನ್ನೊಂದು ಪೆಟ್ಟಿಗೆ ಹೋಗುವಷ್ಟು ಉಳಿದಿತ್ತು. ಆಗ ಹಕ್ಕಿ ಸಿಡಿದುಹೋಯಿತು. ನನ್ನ ಅಂಗೈ ಪೂರ್ತಿ ಬೆವತಿತ್ತು. ಅಪ್ಪ ಎಡಗೈಯಿಂದ ತೊಡೆ ತಟ್ಟಿ ಚಪ್ಪಾಳೆ ಹೊಡೆದ. ನನಗೆ ಆದ ಆನಂದ ಅಷ್ಟಿಷ್ಟಲ್ಲ.

ಆಟ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಕೋಣೆಯಲ್ಲಿ ಚಿನ್ನದ ತ್ರಿಕೋನ ಕಾಣುತ್ತದೆ. ಆದರೆ ಅದನ್ನು ಮುಟ್ಟುವುದಕ್ಕೆ ಮೊದಲು ಲಿಂಕಿನ ಮೈಯಿಂದಲೇ ಅವನ ನೆರಳು ಹೊರಗೆ ಬಂದು ಕತ್ತಿ ಹಿಡಿದು ನಿಲ್ಲುತ್ತದೆ. ಅದು ಅವನಷ್ಟೇ ಜಿಗಿಯುತ್ತದೆ, ಅವನಷ್ಟೇ ಬಲ. ಅಣ್ಣ ಹೇಳಿಕೊಟ್ಟ ಹಾಗೆ ಎಡಗಡೆ ಮೂಲೆಯಲ್ಲಿ ಕೂತು ಕತ್ತಿ ಬೀಸಿ ಅದನ್ನೂ ಗೆದ್ದೆ. ರಾಜಕುಮಾರಿ ಎದ್ದಳು. ಆಟ ಮುಗಿಯಿತು. ನಾನು ಮನೆ ತುಂಬ ಕುಣಿದಾಡಿದೆ.

ಆಗ ಬಾಗಿಲ ಹತ್ತಿರ ಕುಂತಿದ್ದ ಅಜ್ಜಿ ಕೇಳಿದಳು: “ಯವ್ವಾ, ಆ ಹಕ್ಕಿ ಯಾರಿಗೇನು ಮಾಡಿತ್ತು?”

ನಾನು ಹೇಳಿದೆ: “ಏನೂ ಮಾಡಿರಲಿಲ್ಲಜ್ಜಿ. ಅದನ್ನ ಕಾವಲಿಗೆ ಇಟ್ಟಿದ್ರು.”

“ಇಟ್ಟಾವ ಕೆಟ್ಟಾವೇನು?”

“ಇಲ್ಲ, ಒಳ್ಳೆ ರಾಜ.”

“ಅಂದ್ರ ತನ್ನ ಕೆಲಸ ತಾ ಮಾಡಿದ್ದಕ್ಕ ಸತ್ತಂಗಾತು ಅದು. ನಮ್ಮ ಜಟಾಯು ಹಂಗ.” ಹೀಗೆ ಅಂದು ಅಜ್ಜಿ ಅಪ್ಪನ ಪ್ಲಾಸ್ಟರ್ ಕೈ ಕಡೆ ನೋಡಿದಳು. ಮುಂದೆ ಏನೂ ಅನ್ನಲಿಲ್ಲ.

ಅಜ್ಜಿ ಸಣ್ಣಾಕಿ ಇದ್ದಾಗ ಮಳಿ ಹೋದ ವರ್ಷ ಊರಿಗೆ ತೊಗಲು ಗೊಂಬೆ ಆಟದವರು ಬರುತ್ತಿದ್ದರಂತೆ. ಬಿಳೇ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ, ಬಣ್ಣದ ತೊಗಲಿನ ಗೊಂಬೆಗಳನ್ನು ಕುಣಿಸಿದರೆ ರಾತ್ರಿಯೆಲ್ಲಾ ರಾಮಾಯಣ. ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದದ್ದನ್ನು ಸರ್ ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳಿದ್ದರು. ಆಗ ಅವರಿಗೆ 96 ವರ್ಷ. ಅಜ್ಜಿ ಪರದೆಯ ಮೇಲೆ ಜಟಾಯುವನ್ನು ನೋಡಿದ್ದಳಂತೆ. ರಾವಣ ಸೀತೆಯನ್ನು ರಥದಲ್ಲಿ ಹೊತ್ತುಕೊಂಡು ಹೋಗುವಾಗ ಬೇರೆ ಯಾರೂ ಅಡ್ಡ ಬರಲಿಲ್ಲ. ಮುದಿ ಹದ್ದು ಒಂದೇ ಅಡ್ಡ ನಿಂತಿತು. ರಾವಣನ ಬಿಲ್ಲು ಮುರಿಯಿತು, ರಥ ಪುಡಿ ಮಾಡಿತು. ಕಡೆಗೆ ರಾವಣ ಕತ್ತಿಯಿಂದ ರೆಕ್ಕೆ ಕಡಿದ. “ರೆಕ್ಕಿ ಕಡದಾಗ ಕುಂತ ಮಂದಿಯೆಲ್ಲಾ ಅಯ್ಯೋ ಅಂತಿದ್ರು, ಹೆಣ್ಣಮಕ್ಕಳು ಸೆರಗಿಲೆ ಕಣ್ಣ ಒರಿಸಿಗೋತಿದ್ರು” ಅಂದಳು ಅಜ್ಜಿ.

ಆ ರಾತ್ರಿ ನನಗೆ ನಿದ್ದೆ ಬೇಗ ಬರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅಪ್ಪನಿಗೆ ಆದದ್ದನ್ನು ಈಗ ಹೇಳುತ್ತೇನೆ. ರಾತ್ರಿ 2 ಗಂಟೆಗೆ ಒಂದು ಗಾಡಿಯಲ್ಲಿ ಐದಾರು ಜನ ಬಂದು ಹಿಂದಿನ ಗೋಡೆ ಹಾರಿ ತಾಮ್ರದ ವೈರು ತುಂಬುತ್ತಿದ್ದರಂತೆ. ಅಪ್ಪ ಒಬ್ಬನೇ ಇದ್ದ. ಅವನ ಹತ್ತಿರ ಒಂದು ಬಡಿಗಿ, ಒಂದು ಬ್ಯಾಟರಿ, ಒಂದು ಸೀಟಿ. ಸೀಟಿ ಊದುತ್ತಾ ಗಾಡಿಯ ಮುಂದೆ ಹೋಗಿ ನಿಂತ. ರಾಡಿನಿಂದ ಕೈಗೆ ಹೊಡೆದರು. ಬಿದ್ದ. ಅವರು ಹೋದರು. ಆದರೆ ಬಿದ್ದಲ್ಲಿಂದಲೇ ಬ್ಯಾಟರಿ ಹಚ್ಚಿ ಗಾಡಿಯ ನಂಬರಿನ ಕಡೆಯ ನಾಲ್ಕು ಅಂಕಿ ಓದಿಕೊಂಡ. ಗಾಡಿ ಕೊಪ್ಪಳದ ಕಡೆ ಹೋಗಲಿಲ್ಲ, ಹೊಸಪೇಟಿ ಕಡೆ ಹೋತು ಅಂತ ಪೊಲೀಸರಿಗೆ ಹೇಳಿದ. ಮೂರು ದಿನದಲ್ಲಿ ಗಾಡಿ ಸಿಕ್ಕಿತು. ವೈರು ಅರ್ಧ ಸಿಕ್ಕಿತು. ಅಪ್ಪ ಮನೆಯಲ್ಲಿ ಇದ್ದ ದಿನಗಳ ಪಗಾರ ಮಾತ್ರ ಸಿಗಲಿಲ್ಲ. ಗುತ್ತಿಗೆದಾರರು ದುಡಿದಷ್ಟೇ ದಿನಕ್ಕೆ ಲೆಕ್ಕ ಹಿಡಿಯುತ್ತಾರೆ. ಅದಕ್ಕೇ ಅವ್ವ ದಿನಾ ಕೂಲಿಗೆ ಹೋದಳು.

ಇದು ಊರಲ್ಲಿ ಗೊತ್ತಾದಾಗ ಕೆಲವರು “ಹುಚ್ಚ, ಸುಮ್ಮನ ಬಿಟ್ಟಿದ್ರ ಕೈ ಉಳೀತಿತ್ತು, ವೈರು ಇವರಪ್ಪಂದೇನು?” ಅಂದರು. ಕೆಲವರು “ಒಬ್ಬನ್ನೂ ಹಿಡೀಲಿಲ್ಲ, ಸೋತ” ಅಂದರು. ಅಪ್ಪ ಯಾರಿಗೂ ತಿರುಗಿ ಮಾತಾಡಲಿಲ್ಲ. ನನಗೆ ಆಗ ಏನು ಉತ್ತರ ಕೊಡಬೇಕು ತಿಳಿದಿರಲಿಲ್ಲ. ಈಗ ತಿಳಿದಿದೆ.

ರಾಮ ಬಂದಾಗ ಜಟಾಯು ಇನ್ನೂ ಜೀವ ಹಿಡಿದುಕೊಂಡು ಬಿದ್ದಿತ್ತು. ಸೀತೆಯನ್ನು ಹೊತ್ತುಕೊಂಡು ಹೋದವನು ರಾವಣ, ಹೋದದ್ದು ದಕ್ಷಿಣ ದಿಕ್ಕಿಗೆ ಅಂತ ಹೇಳಿ ಪ್ರಾಣ ಬಿಟ್ಟಿತು. ರಾಮ ತನ್ನ ತಂದೆಗೆ ಮಾಡಿದ ಹಾಗೆ ಅದಕ್ಕೆ ಸಂಸ್ಕಾರ ಮಾಡಿದ. ಆ ದಿಕ್ಕು ಹಿಡಿದೇ ರಾಮ ಲಕ್ಷ್ಮಣರು ಮುಂದೆ ಬಂದು ಶಬರಿಯನ್ನು ಕಂಡರು, ಸುಗ್ರೀವನನ್ನು ಕಂಡರು. ಶಬರಿ ಇದ್ದಳು ಅನ್ನುವ ಪಂಪಾ ಸರೋವರ, ಹನುಮಂತ ಹುಟ್ಟಿದ ಅನ್ನುವ ಅಂಜನಾದ್ರಿ, ವಾಲಿ ಸುಗ್ರೀವರ ಕಿಷ್ಕಿಂಧೆ ಅನ್ನುವ ಆನೆಗೊಂದಿ ಎಲ್ಲಾ ಇರುವುದು ನಮ್ಮ ಜಿಲ್ಲೆಯ ಗಂಗಾವತಿ ಕಡೆ. ಅಂದರೆ ಜಟಾಯು ದಿಕ್ಕು ಹೇಳದೆ ಸತ್ತಿದ್ದರೆ ರಾಮ ನಮ್ಮ ಜಿಲ್ಲೆಗೆ ಬರುತ್ತಲೇ ಇರಲಿಲ್ಲ. ಮುಂದಿನ ರಾಮಾಯಣವೂ ಇರುತ್ತಿರಲಿಲ್ಲ. ಯುದ್ಧದಲ್ಲಿ ಸೋತ ಹಕ್ಕಿ ಕಥೆಯನ್ನು ಗೆಲ್ಲಿಸಿತು.

ನಮ್ಮ ಸಮಾಜ ವಿಜ್ಞಾನದ ಸರ್ ಹತ್ತಿರ ಸಿಡಿಲುಹಕ್ಕಿಯ ಬಗ್ಗೆ ಕೇಳಿದೆ. ಅದು ಆ ಗೇಮಿನವರು ಹುಟ್ಟಿಸಿದ ಹೆಸರಲ್ಲವಂತೆ. ಉತ್ತರ ಅಮೆರಿಕದ ಮೂಲನಿವಾಸಿ ಜನಗಳ ಕಥೆಗಳಲ್ಲಿ ಅಂಥ ಹಕ್ಕಿ ಐತಂತ. ಅದು ರೆಕ್ಕೆ ಬಡಿದರೆ ಗುಡುಗು, ಕಣ್ಣು ಹೊಳೆಸಿದರೆ ಮಿಂಚು. ಅಲ್ಲಿಯ ಪಶ್ಚಿಮ ಸಮುದ್ರದ ದಂಡೆಯ ಜನರು ಎತ್ತರದ ಮರದ ಕಂಬಗಳಲ್ಲಿ ಅದನ್ನು ಕೆತ್ತುತ್ತಾರೆ. ಆ ಜನರಿಗೂ ಅದು ದೊಡ್ಡ ಹಕ್ಕಿ, ಗೌರವದ ಹಕ್ಕಿ. ನಮ್ಮಲ್ಲಿಯೂ ಹಾಗೇ. ಕೇರಳದ ಕೊಲ್ಲಂ ಜಿಲ್ಲೆಯ ಚಡಯಮಂಗಲದಲ್ಲಿ ಬೆಟ್ಟದ ಮೇಲೆ 200 ಅಡಿ ಉದ್ದದ ಜಟಾಯುವಿನ ಮೂರ್ತಿ ಮಾಡಿದ್ದಾರೆ. 2018ರಲ್ಲಿ ಅದನ್ನು ಜನರಿಗೆ ತೆರೆದರು. ಒಂದು ರೆಕ್ಕೆ ಕಡಿದು ಬಿದ್ದ ಜಟಾಯುವನ್ನೇ ಅಲ್ಲಿ ಮಾಡಿದ್ದಾರೆ ಅಂತ ಸರ್ ಚಿತ್ರ ತೋರಿಸಿದರು. ಗೆದ್ದ ರಾವಣನ ಮೂರ್ತಿಯನ್ನಲ್ಲ, ಸೋತ ಹಕ್ಕಿಯ ಮೂರ್ತಿಯನ್ನು ಅಷ್ಟು ದೊಡ್ಡದಾಗಿ ಮಾಡಿದ್ದಾರೆ.

‘ಗೆದ್ದವ ಸೋತ, ಸೋತವ ಸತ್ತ’ ಅಂತ ಒಂದು ಗಾದೆ ಐತಿ. ಕೋರ್ಟು ಕಚೇರಿಗೆ ಹೋಗುವವರಿಗೆ ಹಿರಿಯರು ಹೇಳುತ್ತಾರೆ. ಆದರೆ ಜಟಾಯುವಿನ ಮಟ್ಟಿಗೆ ಈ ಗಾದೆ ಅರ್ಧ ಮಾತ್ರ ಖರೆ. ಗೆದ್ದವ ಸೋತದ್ದು ಖರೆ. ಸೋತವ ಸತ್ತರೂ ಅವನ ಹೆಸರು ಸಾಯಲಿಲ್ಲ.

ಹಾಗಾದರೆ ಸಿಡಿಲುಹಕ್ಕಿಯನ್ನು ಗೆದ್ದದ್ದು ತಪ್ಪೇನು? ಇದನ್ನೂ ನಾನು ವಿಚಾರ ಮಾಡಿದೆ. ತಪ್ಪಲ್ಲ. ರಾವಣ ಕದ್ದುಕೊಂಡು ಹೋಗುವುದಕ್ಕೆ ಹಕ್ಕಿಯನ್ನು ಹೊಡೆದ. ಲಿಂಕ್ ಮಲಗಿದವಳನ್ನು ಎಬ್ಬಿಸುವುದಕ್ಕೆ ಹೋದ. ಯೋಗ್ಯರು ಬಂದರೆ ಮಾತ್ರ ದಾಟಲಿ ಅಂತ ಆ ರಾಜ ಹಕ್ಕಿಯನ್ನು ಇಟ್ಟಿದ್ದ. ಅದು ಪರೀಕ್ಷೆ ಇದ್ದ ಹಾಗೆ. ಆದರೆ ಹೊಡೆಯುವವರು ಇಬ್ಬರೂ ಕತ್ತಿಯನ್ನೇ ಹಿಡಿದಿರುತ್ತಾರೆ. ದೂರದಿಂದ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಅದಕ್ಕೇ ಇರಬೇಕು, ಹಕ್ಕಿಯನ್ನು ಗೆದ್ದ ಕೂಡಲೆ ಲಿಂಕಿನ ಮುಂದೆ ಅವನ ನೆರಳನ್ನೇ ತಂದು ನಿಲ್ಲಿಸುತ್ತಾರೆ. ನೀನು ಯಾತಕ್ಕೆ ಬಂದಿ ಅಂತ ನಿನ್ನನ್ನು ನೀನೇ ಕೇಳಿಕೋ ಅಂತ. ಇದು ನನ್ನ ಸ್ವಂತ ಅಭಿಪ್ರಾಯ. ಆಟ ಮಾಡಿದವರು ಏನು ಅಂದುಕೊಂಡಿದ್ದರೋ, ಅದು ಅವರಿಗೇ ಗೊತ್ತು.

ಇನ್ನೊಂದು ಮಾತು. ನಾನು ಸಿಡಿಲುಹಕ್ಕಿಯನ್ನು ಗೆದ್ದದ್ದು ಒಬ್ಬ ಕಾವಲುಗಾರನ ಬುದ್ಧಿಯಿಂದ. ಗಸ್ತು ತಿರುಗುವ ಹಕ್ಕಿಯ ದಾರಿ ಗಸ್ತು ತಿರುಗುವವನಿಗೇ ಕಂಡಿತು. ಹನ್ನೊಂದು ವರ್ಷ ರಾತ್ರಿ ನಿದ್ದೆಗೆಟ್ಟು ಕಲಿತದ್ದನ್ನು ಅಪ್ಪ ನನಗೆ ಎರಡು ಮಾತಿನಲ್ಲಿ ಹೇಳಿಕೊಟ್ಟ. ಮೊದಲು ನೋಡು, ಆಮೇಲೆ ಹೊಡಿ. ಬ್ಯಾಟರಿಯನ್ನು ಬೇಕಾದ ಹೊತ್ತಿಗೆ ಉಳಿಸಿಕೋ. ಇವನ್ನು ನಾನು ಗಣಿತದ ಪರೀಕ್ಷೆಗೂ ಉಪಯೋಗ ಮಾಡತೀನಿ. ಪ್ರಶ್ನೆಪತ್ರಿಕೆ ಕೊಟ್ಟ ಕೂಡಲೆ ಬರೆಯಲಿಕ್ಕೆ ಹತ್ತುವುದಿಲ್ಲ. ಒಂದು ಸಲ ಪೂರ್ತಿ ನೋಡತೀನಿ.

ಅಪ್ಪ ಜೂನ್ ತಿಂಗಳಿನಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ. ಕೈ ಕೂಡಿದೆ. ಆದರೆ ತುಂಬಿದ ಕೊಡ ಎತ್ತಲಿಕ್ಕೆ ಬರುವುದಿಲ್ಲ, ಬಡಿಗಿಯನ್ನು ಎಡಗೈಯಲ್ಲಿ ಹಿಡಿಯುತ್ತಾನೆ. ನೀವು ರಾತ್ರಿ ಮಲಗಿದಾಗ ಹೊಲ ಕಾಯುವವರು ಇರುತ್ತಾರೆ, ರೈಲ್ವೆ ಗೇಟು ಕಾಯುವವರು ಇರುತ್ತಾರೆ, ಕಾರ್ಖಾನೆಯ ಬಾಗಿಲಲ್ಲಿ ನಮ್ಮಪ್ಪನಂಥವರು ಇರುತ್ತಾರೆ. ನಮ್ಮ ತರಗತಿಯಲ್ಲಿ ಹಾಜರಿ ಪುಸ್ತಕ ತುಂಬುವಾಗ ತಂದೆಯ ಉದ್ಯೋಗ ಕೇಳಿದರೆ ನಾನು ಸಣ್ಣ ದನಿಯಲ್ಲಿ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರೋ “ಬರೇ ವಾಚ್‌ಮನ್” ಅನ್ನುತ್ತಿದ್ದರು. ಯಾರು ಅಂತ ಹೆಸರು ಬರೆಯುವುದಿಲ್ಲ. ಅವರೂ ನನ್ನ ಗೆಳೆಯರೇ. ಅವರಿಗೆ ನನ್ನದು ಒಂದೇ ವಿನಂತಿ. ವಾಚ್‌ಮನ್ ಅನ್ರಿ, ಅದು ಖರೇನ ಐತಿ. ಮುಂದಿನ ‘ಬರೇ’ ಅನ್ನೂದೊಂದು ಬಿಡ್ರಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ, ಗಿಣಿಗೇರಾ